ಅಲುಗಬೇಡಿ

ಚಿಕ್ಕಬಳ್ಳಾಪುರ, ಬಿ.ಬಿ. ರಸ್ತೆ, ನೆಲಮಾಳಿಗೆಯಲ್ಲಿ ನನ್ನ ಕೋಣೆ,
ಬಾಗಿಲಿಗೆ ಸೀಸದ ಒಳಪದರ.
ಮೇಲೆ ಹೂವಿನ ಗಾಡಿಗಳು ಹೊರಟ ಸದ್ದು
ಇಲ್ಲಿಗೆ ಇಳಿಯುವಷ್ಟರಲ್ಲಿ ಬರೀ ನಡುಕ.
ಏಸಿ ಹದಿನೆಂಟಕ್ಕೆ. ಚಳಿ ಬೇಕಿರುವುದು
ನನಗಲ್ಲ, ಯಂತ್ರಕ್ಕೆ.

ಬೆಳಗಿನ ಮೂರನೆಯವರು ಗೌಸ್ ಪೀರ್, ಅರವತ್ತೊಂದು,
ಶಿಡ್ಲಘಟ್ಟ. ಕೆಮ್ಮು, ನಾಲ್ಕು ತಿಂಗಳು.
ಎಕ್ಸ್‌ರೇಯಲ್ಲಿ ಏನೋ ಒಂದು ನೆರಳು,
ಪಕ್ಕೆಲುಬಿನ ಹಿಂದೆ ಅಡಗಿ
ಹೌದೋ ಅಲ್ಲವೋ ಅನ್ನುವಂಥದ್ದು.

"ಕೊಯ್ಯೋದಿಲ್ಲ ತಾನೆ?"
"ಇಲ್ಲ. ಚಿತ್ರ ಅಷ್ಟೆ. ಐದು ನಿಮಿಷ."
"ನಾವು ಕೊಯ್ದೇ ನೋಡೋದು," ಅಂದರು, ಶರ್ಟಿನ ಗುಂಡಿ ಬಿಚ್ಚುತ್ತ.
"ಮಾರ್ಕೆಟ್ಟಲ್ಲಿ ಲಾಟಿನಿಂದ ನಾಲ್ಕು ಗೂಡು ಎತ್ತಿ
ಕಿವಿ ಹತ್ರ ಅಲುಗಿಸ್ತೀವಿ.
ಟಕ್ ಅಂದ್ರೆ ಹುಳ ಗಟ್ಟಿ.
ಸದ್ದಿಲ್ಲ ಅಂದ್ರೆ ಒಳಗೇ ಕೊಳೆತು ಗೋಡೆಗೆ ಅಂಟಿದೆ.
ಅನುಮಾನ ಬಂದ್ರೆ ಬ್ಲೇಡು."

ಕೈ ನೋಡಿದೆ. ಮೂವತ್ತೆಂಟು ವರ್ಷ
ಕುದಿನೀರ ತೊಟ್ಟಿಯಲ್ಲಿ ಎಳೆ ಹುಡುಕಿದ ಬೆರಳು,
ರೇಖೆಯೆಲ್ಲ ಅಳಿಸಿ ನುಣುಪು;
ರೇಷನ್ ಅಂಗಡಿಯ ಯಂತ್ರ ಗುರುತು ಹಿಡಿಯುವುದಿಲ್ಲವಂತೆ.
ಕೊರಳ ಬೆಳ್ಳಿ ತಾಯತ ತೆಗೆಯಲು ಹೇಳಿದೆ.
ಮಗಳು ತಸ್ಮಿಯಾ ಅದನ್ನು ಮುಷ್ಟಿಯಲ್ಲಿ ಹಿಡಿದು
ಬಾಗಿಲಾಚೆ ನಿಂತಳು.

ಯಂತ್ರದೊಳಗಿನ ದನಿ ನನ್ನದೇ.
ಕಂಪನಿಯವನು ಇಂಗ್ಲಿಷ್ ತುಂಬಿ ಹೋಗಿದ್ದ,
ಯಾರೂ ಉಸಿರು ಹಿಡಿಯುತ್ತಿರಲಿಲ್ಲ.
ಒಂದು ಭಾನುವಾರ ಕೂತು ಹೇಳಿಟ್ಟೆ,
ಕನ್ನಡದಲ್ಲಿ, ತೆಲುಗಿನಲ್ಲಿ,
ಎದುರುಮನೆಯ ಫರ್ಹತ್ ಕಲಿಸಿಕೊಟ್ಟ ಉರ್ದುವಿನಲ್ಲಿ:
ಉಸಿರು ಎಳೆಯಿರಿ. ಹಾಗೇ ಹಿಡಿಯಿರಿ. ಅಲುಗಬೇಡಿ.
ಅವತ್ತು ನನಗೆ ನೆಗಡಿ.
ಈಗಲೂ ಇದೆ ಅದರಲ್ಲಿ ಆ ನೆಗಡಿ,
ಮೂರು ವರ್ಷದಿಂದ ವಾಸಿಯಾಗದೆ.

ಮೊದಲ ಸಲ ಕೆಮ್ಮಿದರು. ಚಿತ್ರ ಕಲಸಿಹೋಯಿತು.
ಅವರ ಕಸುಬಿನಲ್ಲಿ ಅಲುಗಿದರೆ ತಿಳಿಯುತ್ತದೆ,
ನನ್ನದರಲ್ಲಿ ಅಲುಗಿದರೆ ಮಸುಕು.
ನೀರು ಕುಡಿಸಿದೆ. ಕಾದೆವು.
ಎರಡನೆಯ ಸಲ
ಆರು ಸೆಕೆಂಡು
ಗೂಡು ಕಟ್ಟಿ ಮುಗಿಸಿದ ಹುಳುವಿನಂತೆ ಮಲಗಿದರು.

ಆಮೇಲೆ ಪರದೆ.
ಮಿಲಿಮೀಟರಿಗೊಂದು ಹೋಳು, ಒಟ್ಟು ಮುನ್ನೂರ ಹನ್ನೆರಡು.
ಅವರ ರಾಟೆಯ ಹಾಗೆ ನನ್ನ ಮೌಸಿನ ಗಾಲಿ,
ಹೆಗಲಿನಿಂದ ಕೆಳಕ್ಕೆ ಬಿಚ್ಚುತ್ತ ಹೋದೆ:
ಬಿಳಿ ಮೂಳೆ, ಶ್ವಾಸನಾಳದ ಕರಿ ಬಳೆ,
ಅದು ಎರಡಾಗಿ, ನಾಲ್ಕಾಗಿ,
ಹಿಪ್ಪುನೇರಳೆ ಕಡ್ಡಿಯಂತೆ ಕವಲೊಡೆದು.
ತೊಂಬತ್ತೇಳರಲ್ಲಿ ಏನೂ ಇಲ್ಲ.
ತೊಂಬತ್ತೆಂಟರಲ್ಲಿ ಬಲಗಡೆ, ಮೇಲೆ, ಒಂದು ಸಾಸಿವೆ.
ನೂರ ಎರಡರಲ್ಲಿ ಕಡಲೆ.
ನೂರ ಏಳರಲ್ಲಿ ಮತ್ತೆ ಏನೂ ಇಲ್ಲ.

ಗೆರೆ ಎಳೆದು ಅಳೆದೆ: ಒಂಬತ್ತು ಮಿಲಿಮೀಟರ್.
ಎಂದೋ ವಾಸಿಯಾದ ಕ್ಷಯದ ಗುರುತಿರಬಹುದು.
ಏನೂ ಅಲ್ಲದಿರಬಹುದು.
ಇರಬಹುದು.
ಹೇಳುವುದು ನನ್ನ ಕೆಲಸವಲ್ಲ.
ಮೊದಲು ನೋಡುವುದು ಮಾತ್ರ ನನ್ನದು.

ಎಬ್ಬಿಸಲು ಒಳಗೆ ಹೋದೆ.
"ಹೆಂಗಿದೆ ಮೇಡಂ, ಗೂಡು?"
"ರಿಪೋರ್ಟು ಸಂಜೆ ಬರುತ್ತೆ."
ಎಲ್ಲರಿಗೂ ಹೇಳುವ ಅದೇ ಮಾತು, ಅದೇ ಎತ್ತರದಲ್ಲಿ.
ಅವರು ತಲೆ ಕೊಂಚ ವಾಲಿಸಿದರು,
ಕಿವಿ ನನ್ನ ಕಡೆಗೆ.
ಲಕ್ಷ ಲಕ್ಷ ಗೂಡು ಕೇಳಿದ ಕಿವಿ.
ನಾನು ಅಲುಗಲಿಲ್ಲ.

"ಹೂಂ," ಅಂದರು. ಅಷ್ಟೆ.
ಮಗಳು ತಾಯತ ಕಟ್ಟಿದಳು,
ದಾರ ಹಳೆಯದು, ಗಂಟು ಎರಡು ಸಲ ಜಾರಿತು.

ಸಂಜೆ ಡಾಕ್ಟರು ಬರೆದದ್ದು ಮೂರೇ ಸಾಲು. ಕೊನೆಯದು:
ಮೂರು ತಿಂಗಳ ಬಳಿಕ ಮತ್ತೆ ತೆಗೆದು ಹೋಲಿಸುವುದು.
ಮೂರು ತಿಂಗಳೆಂದರೆ ಶಿಡ್ಲಘಟ್ಟದ ಕಡೆ ಎರಡು ಬೆಳೆ ಗೂಡು.
ಕ್ಯಾಲೆಂಡರಿನಲ್ಲಿ ಪೆನ್ಸಿಲ್ಲಿನಿಂದ ಅವರ ಹೆಸರು ಬರೆದೆ.
ಅಷ್ಟರಲ್ಲಿ ಆ ದನಿಯನ್ನೂ
ಇನ್ನೊಮ್ಮೆ ತುಂಬಬೇಕು,
ನೆಗಡಿ ಇಲ್ಲದ ದಿನ.